ಬೀಗ ತೆಗೆಯಿರಿ, ಅವರ ಪಾಸ್‌ಪೋರ್ಟ್ ಅವರಿಗೆ ಕೊಡಿ

ದುಬೈಯಿಂದ ಮಂಗಳೂರಿಗೆ ವಿಮಾನದಲ್ಲಿ ನಾಲ್ಕು ಗಂಟೆಯೂ ಬೇಡ. ರಾತ್ರಿ ಊರಿನಿಂದ ಸಾವಿನ ಸುದ್ದಿ ಬಂದರೂ ಬೆಳಗಿನ ವಿಮಾನ ಹಿಡಿದವನು ಮಧ್ಯಾಹ್ನದೊಳಗೆ ಬಜ್ಪೆಯಲ್ಲಿ ಇಳಿದು, ಸಂಜೆಗೆ ಮುಂಚೆ ತಾಯಿಯ ಮುಖ ನೋಡಬಹುದು. ಆದರೂ ಕರಾವಳಿಯ ಎಷ್ಟೋ ಮನೆಗಳಲ್ಲಿ ಗಲ್ಫಿನ ಮಗನಿಲ್ಲದೆಯೇ ಚಿತೆಗೆ ಬೆಂಕಿ ಬಿದ್ದಿದೆ, ಮಯ್ಯತ್ ಕಬರಸ್ಥಾನ ಸೇರಿದೆ. ಟಿಕೆಟಿಗೆ ದುಡ್ಡಿರುತ್ತದೆ, ರಜೆಗೆ ಮ್ಯಾನೇಜರ್ ಹೂಂ ಎಂದಿರುತ್ತಾನೆ. ಪಾಸ್‌ಪೋರ್ಟ್ ಮಾತ್ರ ಕಂಪನಿಯ ಲಾಕರಿನಲ್ಲಿರುತ್ತದೆ, ಲಾಕರಿನ ಕೀ ಹಿಡಿದ ಪಿಆರ್‌ಒ ವಾರದ ರಜೆಯಲ್ಲಿರುತ್ತಾನೆ. "ಬೊಜ್ಜಕ್ಕಾದರೂ ಬಾ ಮಗಾ" ಎಂದು, ಉತ್ತರಕ್ರಿಯೆಗೆ ಕರೆದು, ಊರಿನವರು ಫೋನಿನಲ್ಲಿ ಸಮಾಧಾನ ಹೇಳುತ್ತಾರೆ.

ಇದರಲ್ಲಿ ಯಾರಿಗೂ ಗೊತ್ತಿಲ್ಲದ ಗುಟ್ಟೇನೂ ಇಲ್ಲ. ಗಲ್ಫ್ ದೇಶಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಭಟ್ಕಳ, ಕುಂದಾಪುರ, ಬಂಟ್ವಾಳದ ಕಡೆ ಗಲ್ಫಿಗೆ ಹೋದವರಿಲ್ಲದ ಕೇರಿ ಸಿಗುವುದೇ ಕಷ್ಟ. ಅಲ್ಲಿಗೆ ಕಾಲಿಟ್ಟ ಮೊದಲ ವಾರವೇ "ವೀಸಾ ಸ್ಟ್ಯಾಂಪಿಂಗ್‌ಗೆ ಬೇಕು" ಎಂದು ಪಾಸ್‌ಪೋರ್ಟ್ ತೆಗೆದುಕೊಳ್ಳುತ್ತಾರೆ, ಆಮೇಲೆ ಕೊಡುವುದಿಲ್ಲ ಎನ್ನುವುದು ಊರಿನ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಲ್ಲರೂ ಸುಮ್ಮನಿದ್ದಾರೆ. ಈ ಮನವಿ ಆ ಸುಮ್ಮನಿರುವವರಿಗೆ.

ಸುಮ್ಮನಿರದವರು ಕೆಲವರಿದ್ದಾರೆ. ಅವರೂ ಅಲ್ಲಿ ದುಡಿಯಲು ಹೋದವರೇ. ಕನ್ನಡ ಸಂಘ, ತುಳುಕೂಟ, ಜಮಾತ್ ಎಂದು ಹೆಸರು ಬೇರೆಬೇರೆ, ಕೆಲಸ ಒಂದೇ. ಡ್ಯೂಟಿ ಮುಗಿಸಿ, ವಾರದ ಒಂದು ರಜೆಯನ್ನೂ ಕಳೆದುಕೊಂಡು, ಸ್ವಂತ ಕಾರಿಗೆ ಸ್ವಂತ ಪೆಟ್ರೋಲ್ ಹಾಕಿಕೊಂಡು ಇನ್ನೊಬ್ಬರನ್ನು ಊರಿಗೆ ಕಳಿಸುವುದು. ಪಾರ್ಶ್ವವಾಯು ಹೊಡೆದು ಆಸ್ಪತ್ರೆಯಲ್ಲಿ ಬಿದ್ದವನಿಗೆ ಸ್ಟ್ರೆಚರ್ ಟಿಕೆಟ್ ಹೊಂದಿಸುವುದು, ಶವದ ಪೆಟ್ಟಿಗೆಗೆ ಕಾಗದಪತ್ರ ಮಾಡಿಸುವುದು, ಸಂಬಳ ಸಿಗದೆ ಕ್ಯಾಂಪ್ ಬಿಟ್ಟು ಬಂದವನಿಗೆ ಮಲಗಲು ಜಾಗ ಹುಡುಕುವುದು. ಅವರಿಗೆ ಇದರಲ್ಲಿ ಪೈಸೆ ಲಾಭವಿಲ್ಲ.

ಅವರ ಶ್ರಮ ಹೆಚ್ಚಾಗಿ ಎಲ್ಲಿ ಸವೆಯುತ್ತದೆ ಎಂದು ನೋಡಿದರೆ ಸಿಟ್ಟು ಬರುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿಲ್ಲದವನನ್ನು ಕಳಿಸಬೇಕಾದರೆ ರಾಯಭಾರ ಕಚೇರಿಯಿಂದ ಎಮರ್ಜೆನ್ಸಿ ಸರ್ಟಿಫಿಕೇಟ್ ಮಾಡಿಸಬೇಕು. ಕಾರ್ಮಿಕರು ಅದನ್ನು ಔಟ್‌ಪಾಸ್ ಎನ್ನುತ್ತಾರೆ. ಒಮ್ಮೆ ಸ್ವದೇಶಕ್ಕೆ ಮರಳಲು ಮಾತ್ರ ಅದು ಚಲಾವಣೆ. ಅದಕ್ಕೆ ಮೊದಲು ಅವನ ಗುರುತು ಸಾಬೀತಾಗಬೇಕು. ಮಾಲೀಕ "ಓಡಿಹೋಗಿದ್ದಾನೆ" ಎಂದು ದೂರು ಕೊಟ್ಟಿದ್ದರೆ, ಸೌದಿಯವರ ಮಾತಿನಲ್ಲಿ ಹುರೂಬ್ ಹಾಕಿದ್ದರೆ, ಅದನ್ನು ಬಿಡಿಸಿಕೊಳ್ಳಬೇಕು. ಇಷ್ಟರಲ್ಲಿ ವೀಸಾ ಅವಧಿ ಮುಗಿದಿರುತ್ತದೆ. ಯುಎಇಯಲ್ಲಿ ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಮ್ ದಂಡ. ಒಂದು ವರ್ಷಕ್ಕೆ 18,250. ತಿಂಗಳಿಗೆ 1,000 ದಿರ್ಹಮ್ ಸಂಬಳದವನು ಊಟ ಬಿಟ್ಟು ಒಂದೂವರೆ ವರ್ಷ ದುಡಿದರೂ ತೀರದ ಮೊತ್ತ. ಯಾವ ತಪ್ಪಿಗೆ ಈ ದಂಡ? ತನ್ನದೇ ಪುಸ್ತಕ ಇನ್ನೊಬ್ಬನ ಕಪಾಟಿನಲ್ಲಿದ್ದ ತಪ್ಪಿಗೆ.

ಕಾನೂನು ಬೇಕೆನ್ನುವವರಿಗೆ ಕಾನೂನು ಬೇಕಾದಷ್ಟಿದೆ. ಯುಎಇಯ 2021ರ ಕಾರ್ಮಿಕ ಕಾಯ್ದೆ ನೌಕರನ ದಾಖಲೆಗಳನ್ನು ಮಾಲೀಕ ಇಟ್ಟುಕೊಳ್ಳಬಾರದು ಎನ್ನುತ್ತದೆ. ಕತಾರಿನ 2015ರ ಕಾಯ್ದೆಯಲ್ಲಿ ಅದಕ್ಕೆ 25,000 ರಿಯಾಲ್‌ವರೆಗೆ ದಂಡವಿದೆ. ಸೌದಿಯಲ್ಲೂ ಕುವೈತಿನಲ್ಲೂ ನಿಷೇಧವಿದೆ. ಇನ್ನು ಭಾರತದ್ದು: 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಸಿಬಿಐ ವಿರುದ್ಧದ ಸುರೇಶ್ ನಂದಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಸ್ಪಷ್ಟವಾಗಿ ಹೇಳಿತು: ಪಾಸ್‌ಪೋರ್ಟನ್ನು ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಪ್ರಾಧಿಕಾರಕ್ಕೆ ಮಾತ್ರ. ಸಿಬಿಐಗೇ ಇಲ್ಲದ ಅಧಿಕಾರ ಕ್ಲೀನಿಂಗ್ ಕಂಪನಿಯ ಗುಮಾಸ್ತನಿಗೆ ಎಲ್ಲಿಂದ ಬಂತು?

"ಅವರೇ ಬರೆದುಕೊಟ್ಟಿದ್ದಾರೆ" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕತಾರಿನ ಕಾನೂನಿನಲ್ಲಿ ನೌಕರ ಲಿಖಿತವಾಗಿ ಕೋರಿದರೆ ಮಾಲೀಕ ಇಟ್ಟುಕೊಳ್ಳಬಹುದು ಎಂಬ ಒಂದು ಸಂದಿಯಿದೆ. ಇಂಥ ಸಂದಿಯಲ್ಲಿ ನುಸುಳುವವರು ಸೇರಿದ ದಿನವೇ ಒಂದು ಕಾಗದ ಮುಂದಿಡುತ್ತಾರೆ. ಅರಬ್ಬಿ ಓದಲು ಬಾರದವನು, ಏಜೆಂಟನ ಸಾಲ ಹೊತ್ತು ಬಂದವನು, ಎದುರಿಗೆ ನಿಂತ ಸಾಹೇಬರಿಗೆ ಇಲ್ಲ ಎನ್ನುತ್ತಾನೆಯೇ? "ಕಳೆದುಹಾಕುತ್ತಾರೆ, ಅದಕ್ಕೇ ಜೋಪಾನ ಮಾಡುತ್ತೇವೆ" ಎನ್ನುವುದು ಇನ್ನೊಂದು ನೆಪ. ಏಳು ಸಮುದ್ರದಾಚೆ ದುಡಿದು, ಕೂಡಿಟ್ಟು, ಊರಲ್ಲಿ ಮನೆ ಕಟ್ಟಿಸುವವನಿಗೆ ಅಂಗೈಯಗಲದ ಪುಸ್ತಕ ಕಾಯಲು ಬರುವುದಿಲ್ಲವೇ? ಮೂರನೆಯ ಕಾರಣವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ: ಪಾಸ್‌ಪೋರ್ಟ್ ಕೈಗೆ ಕೊಟ್ಟರೆ ಹೋಗಿಬಿಡುತ್ತಾನೆ. ಹೋಗಬೇಕೆನಿಸಿದವನನ್ನು ಹೋಗದಂತೆ ಕಟ್ಟಿಹಾಕುವುದಕ್ಕೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಬಲವಂತದ ದುಡಿಮೆ ಎನ್ನುತ್ತದೆ. ಅದರ ಹನ್ನೊಂದು ಲಕ್ಷಣಗಳ ಪಟ್ಟಿಯಲ್ಲಿ ಗುರುತಿನ ದಾಖಲೆ ಕಸಿದಿಟ್ಟುಕೊಳ್ಳುವುದೂ ಒಂದು.

ಎಲ್ಲಕ್ಕಿಂತ ಕ್ಷಮಿಸಲಾಗದ ಮಾತು ಇನ್ನು ಮುಂದಿದೆ. ಆ ಲಾಕರಿನ ಕೀ ಯಾವಾಗಲೂ ಅರಬ್ ಕಫೀಲನ, ಅಂದರೆ ಪ್ರಾಯೋಜಕ ಮಾಲೀಕನ, ಜೇಬಿನಲ್ಲಿ ಇರುವುದಿಲ್ಲ. ಎಚ್‌ಆರ್ ಮ್ಯಾನೇಜರ್, ಅಕೌಂಟೆಂಟ್, ಕ್ಯಾಂಪ್ ಬಾಸ್ ಎಷ್ಟೋ ಕಡೆ ನಮ್ಮವರೇ. ಮಂಗಳೂರಿನಲ್ಲಿ ಓದಿದವರು, ಉಡುಪಿಯಲ್ಲಿ ಬೆಳೆದವರು, ಬೆಂಗಳೂರಿನಲ್ಲಿ ಫ್ಲ್ಯಾಟ್ ಇರುವವರು. ನವೆಂಬರಿನಲ್ಲಿ ರಾಜ್ಯೋತ್ಸವದ ವೇದಿಕೆ ಹತ್ತಿ ತಾಯ್ನಾಡಿನ ಬಗ್ಗೆ ಕಣ್ಣು ತುಂಬಿಕೊಂಡು ಮಾತಾಡುವವರು ಮರುದಿನ ಆಫೀಸಿಗೆ ಹೋಗಿ, ಅದೇ ತಾಯ್ನಾಡಿಗೆ ಹೋಗಬೇಕೆಂದು ಕೈಮುಗಿದು ನಿಂತ ಹುಡುಗನಿಗೆ "ಮುಂದಿನ ವಾರ ಬಾ" ಎನ್ನುತ್ತಾರೆ. "ಕಂಪನಿ ಪಾಲಿಸಿ" ಎನ್ನುತ್ತಾರೆ. ತಮ್ಮ ಪಾಸ್‌ಪೋರ್ಟ್ ಮಾತ್ರ ತಮ್ಮ ಮನೆಯ ಬೀರುವಿನಲ್ಲಿದೆ. ಆ ಪಾಲಿಸಿ ತಮಗೇಕೆ ಅನ್ವಯವಾಗಲಿಲ್ಲ ಎಂದು ಒಂದು ದಿನವಾದರೂ ಯೋಚಿಸಬೇಡವೇ?

ಮನೆಗೆಲಸದ ಹೆಂಗಸರ ಪಾಡು ಇದಕ್ಕಿಂತ ಹೀನ. ಭಾರತದ ನಿಯಮದಂತೆ, ಇಸಿಆರ್ (ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟಿನ ಹೆಣ್ಣುಮಗಳು ಮನೆಗೆಲಸಕ್ಕೆ ಗಲ್ಫಿಗೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು, ಸರ್ಕಾರಿ ಏಜೆನ್ಸಿಗಳ ಮೂಲಕವೇ ಹೋಗಬೇಕು. ದಲ್ಲಾಳಿಗಳು ವಿಸಿಟ್ ವೀಸಾದ ಮೇಲೆ ಕಳಿಸಿ ಆ ನಿಯಮಕ್ಕೆ ಮಣ್ಣೆರಚುತ್ತಾರೆ. ಹೀಗೆ ಹೋದವಳ ಲೆಕ್ಕ ಎಲ್ಲೂ ಇರುವುದಿಲ್ಲ. ಸೌದಿ 2021ರಲ್ಲಿ ಮಾಲೀಕನ ಒಪ್ಪಿಗೆಯಿಲ್ಲದೆ ಊರಿಗೆ ಹೋಗಿಬರಲು ಕಾರ್ಮಿಕರಿಗೆ ಅವಕಾಶ ಕೊಟ್ಟಾಗಲೂ ಮನೆಗೆಲಸದವರನ್ನು ಹೊರಗಿಟ್ಟಿತು. ತಮ್ಮ ಪ್ರಯಾಣದ ದಾಖಲೆಗಳನ್ನು ತಾವೇ ಇಟ್ಟುಕೊಳ್ಳುವುದು ಮನೆಗೆಲಸದವರ ಹಕ್ಕು ಎಂದು ಸಾರಿದ 2011ರ 189ನೇ ಅಂತರರಾಷ್ಟ್ರೀಯ ಕಾರ್ಮಿಕ ಒಡಂಬಡಿಕೆಯನ್ನು ಭಾರತವೂ ಅನುಮೋದಿಸಿಲ್ಲ. ಅರಬ್ಬರನ್ನು ಬೈಯುವಾಗ ಇದೂ ನೆನಪಿರಲಿ. ಶಾರ್ಜಾದ ಫ್ಲ್ಯಾಟಿನಲ್ಲಿ ಮಗು ನೋಡಿಕೊಳ್ಳಲು ಹೆಂಗಸನ್ನಿಟ್ಟುಕೊಂಡ ಕನ್ನಡ ಕುಟುಂಬಗಳೂ ಒಮ್ಮೆ ತಮ್ಮ ಬೀರು ತೆರೆದು ನೋಡಿಕೊಳ್ಳಲಿ.

ಕೋವಿಡ್‌ನಿಂದ ವಿಮಾನಗಳು ನಿಂತಿದ್ದಾಗ, 2020ರ ಮೇ 12ರಂದು ದುಬೈಯಿಂದ ಮಂಗಳೂರಿಗೆ ಮೊದಲ ವಂದೇ ಭಾರತ್ ವಿಮಾನ ಬಂತು. ಆ ದಿನಗಳಲ್ಲಿ ಇದೇ ಸಂಘಗಳವರು ಗರ್ಭಿಣಿಯರ, ಕಾಯಿಲೆಯವರ, ಕೆಲಸ ಕಳೆದುಕೊಂಡವರ ಹೆಸರು ಪಟ್ಟಿ ಮಾಡಿದರು, ಚಾರ್ಟರ್ ವಿಮಾನಗಳನ್ನೂ ಹೊಂದಿಸಿದರು. ಯುಎಇ 2024ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಕ್ಷಮಾದಾನ ಘೋಷಿಸಿ ದಂಡ ಮನ್ನಾ ಮಾಡಿದಾಗಲೂ ಅರ್ಜಿ ತುಂಬಿಸಲು ಸ್ವಯಂಸೇವಕರೇ ಮುಂದೆ ನಿಂತರು. ನಿರ್ಗತಿಕರ ಟಿಕೆಟಿಗೆ ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ವಿಮಾನವಿದೆ, ನಿಧಿಯಿದೆ, ಹೆಗಲು ಕೊಡುವ ಜನವಿದೆ. ಇಷ್ಟೆಲ್ಲ ಇದ್ದೂ ಒಂದು ಬೀಗದ ಮುಂದೆ ಎಲ್ಲರೂ ಸೋಲಬೇಕೇ?

ಬದಲಾಗುವುದಿಲ್ಲ ಎನ್ನುವವರು ಕತಾರನ್ನು ನೋಡಲಿ. ದೇಶ ಬಿಡಲು ಮಾಲೀಕನ ಪರವಾನಗಿ ಬೇಕೆಂಬ ನಿಯಮವನ್ನು ಅದು 2018ರಲ್ಲಿ ಬಹುಪಾಲು ಕಾರ್ಮಿಕರಿಗೆ, 2020ರಲ್ಲಿ ಮನೆಗೆಲಸದವರಿಗೂ ತೆಗೆದುಹಾಕಿತು. ಹಿಂದಕ್ಕೆ ಹೋದವರೂ ಇದ್ದಾರೆ: ಕುವೈತಿನಲ್ಲಿ 2025ರ ಜುಲೈ 1ರಿಂದ ಖಾಸಗಿ ವಲಯದ ವಿದೇಶಿ ನೌಕರರಿಗೆ ನಿರ್ಗಮನ ಪರವಾನಗಿ ಕಡ್ಡಾಯವಾಯಿತು. ಹಾಗಾಗಿ ತಡಮಾಡಲು ಇದು ಕಾಲವಲ್ಲ.

ಹೊರಡಲಿರುವವರು ಪಾಸ್‌ಪೋರ್ಟಿನ, ವೀಸಾದ, ಒಪ್ಪಂದದ ಪ್ರತಿಗಳನ್ನು ಮನೆಯಲ್ಲಿ ಬಿಟ್ಟು ಹೋಗಲಿ. ಸ್ಟ್ಯಾಂಪಿಂಗ್‌ಗೆ ಕೊಟ್ಟದ್ದನ್ನು ಕೆಲಸ ಮುಗಿದ ದಿನವೇ ಕೇಳಿ ಪಡೆಯಲಿ. ಕೊಡದಿದ್ದರೆ ಊರಿನ ಮನೆಯವರು "ಸ್ವಲ್ಪ ಹೊಂದಿಕೊಂಡು ಹೋಗು" ಎಂದು ಬಾಯಿ ಮುಚ್ಚಿಸದೆ, ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸಲಿ. ಸಂಘಗಳು ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳುವ ಕಂಪನಿಗಳ ಹಣದಲ್ಲಿ ಉತ್ಸವ ಮಾಡುವುದನ್ನು ನಿಲ್ಲಿಸಲಿ. ಅಂಥವರ ಕೊರಳಿಗೆ ಸನ್ಮಾನದ ಹಾರ ಹಾಕಿ, ಅವರದೇ ಕಾರ್ಮಿಕನ ಶವ ಸಾಗಿಸಲು ಚಂದಾ ಎತ್ತುವುದು ನಾಚಿಕೆಗೇಡು.

ಕೀ ಹಿಡಿದು ಕೂತಿರುವ ಕನ್ನಡಿಗರಲ್ಲಿ ಕೇಳುವುದು ಒಂದೇ. ಮೇಲಿನವರ ಆದೇಶಕ್ಕೆ ಕಾಯಬೇಡಿ. ನೀವು ಬದುಕುತ್ತಿರುವ ದೇಶದ ಕಾನೂನೂ ನೀವು ಹುಟ್ಟಿದ ದೇಶದ ಕಾನೂನೂ ಆ ಪಾಸ್‌ಪೋರ್ಟುಗಳು ನಿಮ್ಮ ಬಳಿ ಇರಕೂಡದು ಎನ್ನುತ್ತವೆ. ನಾಳೆ ಡ್ಯೂಟಿ ಶುರುವಾಗುವ ಮೊದಲು ಲಾಕರ್ ತೆರೆಯಿರಿ, ಹೆಸರು ಕರೆದು ಅವರವರದನ್ನು ಅವರವರಿಗೆ ಕೊಡಿ, ತಿರುಗಿ ಪಡೆಯುವ ಯಾವ ಕಾಗದಕ್ಕೂ ಸಹಿ ಕೇಳಬೇಡಿ.