ಶೌಚಗುಂಡಿಗೆ ಮನುಷ್ಯನನ್ನು ಇಳಿಸುವುದು ನಿಲ್ಲಲಿ

ಹಿತ್ತಲಲ್ಲಿ ಚಪ್ಪಡಿ ಎಳೆದು, ಅದರ ಮೇಲೆ ಬಟ್ಟೆ ಒಗೆಯುವ ಕಲ್ಲನ್ನಿಟ್ಟು ಮರೆತುಬಿಡುವ ವಸ್ತುವೊಂದು ನಮ್ಮ ಮನೆಗಳಲ್ಲಿದೆ. ಅದೇ ಸೆಪ್ಟಿಕ್ ಟ್ಯಾಂಕು. ಮನೆ ಕಟ್ಟಿಸಿದ ವರ್ಷ ನೆನಪಿರುತ್ತದೆ, ಬಾಗಿಲ ಚೌಕಟ್ಟಿಗೆ ಕೊಟ್ಟ ಹಣ ನೆನಪಿರುತ್ತದೆ. ಟ್ಯಾಂಕನ್ನು ಕಡೆಯ ಸಲ ಬರಿದು ಮಾಡಿಸಿದ್ದು ಯಾವಾಗ ಎಂದು ಕೇಳಿದರೆ ಮಾತ್ರ ಮನೆಯವರು ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಅದು ತುಂಬಿ ಪಾಯಖಾನೆಯ ನೀರು ಮೇಲೆ ಬಂದ ದಿನ ಗಾಬರಿಯಾಗಿ, ಸಿಕ್ಕಿದ ಬಡವನ ಕೈಗೆ ಬಕೆಟ್ಟೂ ಹಗ್ಗವೂ ಕೊಟ್ಟು ಒಳಗಿಳಿಸುತ್ತಾರೆ. ಹಾಗೆ ಇಳಿದ ಎಷ್ಟೋ ಮಂದಿ ಜೀವಂತ ಮೇಲೆ ಬಂದಿಲ್ಲ.

ಈ ಟ್ಯಾಂಕು ಕೆಲಸ ಮಾಡುವ ಬಗೆಯನ್ನು ಅರಿತರೆ ಗಾಬರಿಗೆ ಎಡೆಯೇ ಇಲ್ಲ. ಒಳಗೆ ಬಂದ ಮಲದಲ್ಲಿ ಭಾರವಾದುದು ತಳಕ್ಕೆ ಕೂಡುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ನಡುವಿನ ನೀರು ಇಂಗುಗುಂಡಿಗೆ ಹರಿಯುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ತಳದ ಹೂಳನ್ನು ತಿಂದು ಕರಗಿಸುತ್ತವೆ. ಆದರೆ ಪೂರ್ತಿಯಾಗಿ ಅಲ್ಲ. ಉಳಿದುದು ವರ್ಷದಿಂದ ವರ್ಷಕ್ಕೆ ಏರುತ್ತದೆ. ಆದುದರಿಂದ ಎರಡು-ಮೂರು ವರ್ಷಕ್ಕೊಮ್ಮೆ ಹೂಳನ್ನು ತೆಗೆಸಲೇಬೇಕು. ತೆಗೆಸದಿದ್ದರೆ ಹೂಳು ನೀರಿನೊಡನೆ ಹೊರಟು ಇಂಗುಗುಂಡಿಯ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಆಮೇಲೆ ಟ್ಯಾಂಕು ಬರಿದು ಮಾಡಿದರೂ ಪ್ರಯೋಜನವಿಲ್ಲ, ಹೊಸ ಗುಂಡಿಯನ್ನೇ ತೋಡಿಸಬೇಕು. ಇಪ್ಪತ್ತು ವರ್ಷದಿಂದ ತೆಗೆಸಿಯೇ ಇಲ್ಲ, ಆದರೂ ತುಂಬಿಲ್ಲ ಎಂದು ಹೆಮ್ಮೆಪಡುವವರ ಟ್ಯಾಂಕಿಗೆ ಬಹುಶಃ ತಳವೇ ಇಲ್ಲ. ಅವರ ಮಲ ನೆರೆಯವರ ಬಾವಿಯನ್ನು ಹುಡುಕಿಕೊಂಡು ಹೋಗುತ್ತಿರಬಹುದು. ಬಾವಿಗೂ ಇಂಗುಗುಂಡಿಗೂ ನಡುವೆ ಅರವತ್ತು ಅಡಿಯಾದರೂ ಅಂತರವಿರಬೇಕು.

ವಾಸನೆ ಬಂತೆಂದು ಫಿನಾಯಿಲು, ಆಸಿಡ್ಡುಗಳನ್ನು ಧಾರಾಳವಾಗಿ ಸುರಿಯುವುದು ನಮ್ಮವರ ಇನ್ನೊಂದು ಅಭ್ಯಾಸ. ಇದರಿಂದ ಸಾಯುವುದು ನಮಗಾಗಿ ಕೂಲಿಯಿಲ್ಲದೆ ದುಡಿಯುತ್ತಿರುವ ಆ ಜೀವಿಗಳೇ. ಬಟ್ಟೆಚೂರು, ಪ್ಲಾಸ್ಟಿಕ್ಕು, ಅಡಿಗೆಯ ಎಣ್ಣೆ ಇವಾವುದನ್ನೂ ಅದಕ್ಕೆ ಬಿಡಬಾರದು. ಗಾಳಿಯ ಕೊಳವೆಯ ಬಾಯಿಗೆ ಜಾಲರಿ ಹಾಕದಿದ್ದರೆ ಓಣಿಗೆಲ್ಲ ಸೊಳ್ಳೆ.

ಈಗ ಸಾವಿನ ಮಾತು. ಹೂಳಿನಿಂದ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ನಾತ. ಹೆಚ್ಚಾದರೆ ಮೂಗಿನ ಶಕ್ತಿಯನ್ನೇ ಅಡಗಿಸುವುದರಿಂದ ನಾತವೂ ತಿಳಿಯುವುದಿಲ್ಲ, ಕೆಲವೇ ಉಸಿರಿಗೆ ಮನುಷ್ಯ ಬೀಳುತ್ತಾನೆ. ಬಿದ್ದವನನ್ನು ಎತ್ತಲು ಇಳಿದ ತಮ್ಮನೋ ಮಗನೋ ಅವನ ಮೇಲೆಯೇ ಬೀಳುತ್ತಾನೆ. ಒಂದೇ ಗುಂಡಿಯಿಂದ ಎರಡು ಮೂರು ಹೆಣ ತೆಗೆಯುವುದು ಹೀಗೆ. ಬಾವಿಯಲ್ಲಿ ಮಾಡುವಂತೆ ದೀಪ ಇಳಿಸಿ ನೋಡೋಣವೆಂದರೆ ಅದೂ ಅಪಾಯ, ಒಳಗೆ ಹೊತ್ತಿ ಉರಿಯುವ ಮೀಥೇನ್ ಇರುತ್ತದೆ.

ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ ಹಟ ಹಿಡಿದರು. ಅಷ್ಟು ದಶಕ ಕಳೆದ ಮೇಲೂ, 2010ರ ಜುಲೈಯಲ್ಲಿ, ಸವಣೂರಿನ ಭಂಗಿ ಬಂಧುಗಳು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ತಮ್ಮ ಅಳಲನ್ನು ಹೇಳಬೇಕಾಯಿತು. 2013ರ ಕಾಯಿದೆ ರಕ್ಷಣೆಯ ಸಾಧನಗಳಿಲ್ಲದೆ ಯಾರನ್ನೂ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸಕೂಡದೆಂದಿತು. ಮೊದಲ ತಪ್ಪಿಗೇ ಎರಡು ವರ್ಷದವರೆಗೆ ಸೆರೆ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷವೆಂದು 2014ರಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2023ರ ಅಕ್ಟೋಬರಿನಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಕಾಯಿದೆ ಪುರಸಭೆಗೆ ಮಾತ್ರವೆಂದು ಯಾರೂ ತಿಳಿಯಬಾರದು. ಕೂಲಿ ಕೊಟ್ಟು ಇಳಿಸಿದ ಮನೆಯ ಯಜಮಾನನಿಗೂ, ಅಂಗಡಿಯ ಸಾಹುಕಾರನಿಗೂ ಅದು ಅನ್ವಯಿಸುತ್ತದೆ. ಅವನೇ ಒಪ್ಪಿ ಇಳಿದ ಎಂಬ ಮಾತು ನಡೆಯದು. ಹಸಿದವನ ಒಪ್ಪಿಗೆಗೆ ಏನು ಬೆಲೆ?

ವಠಾರಗಳ ಕತೆ ಬೇರೆ. ಐದು ಜನರ ಲೆಕ್ಕಕ್ಕೆ ಕಟ್ಟಿದ ಟ್ಯಾಂಕಿಗೆ ಎಂಟು ಸಂಸಾರಗಳನ್ನು ಜೋಡಿಸಿ, ತುಂಬಿದಾಗ ಬಾಡಿಗೆದಾರರೇ ಖರ್ಚು ಕೊಡಲಿ ಎನ್ನುವ ಮಾಲೀಕರಿದ್ದಾರೆ. ಮಿಲ್ಲಿನ ಪಾಳಿ ಮುಗಿಸಿ ಬಂದವನು ತಾನು ಕಟ್ಟಿಸದ ಗುಂಡಿಗೆ ಏಕೆ ತೆರಬೇಕು? ಬಾಡಿಗೆ ಎಣಿಸುವವರೇ ಆ ಖರ್ಚನ್ನೂ ಹೊರಲಿ. ನಿವಾಸಿಗಳು ಒಟ್ಟಾಗಿ ಕೇಳಿದರೆ ಮಾಲೀಕರ ಧ್ವನಿ ಸ್ವಲ್ಪ ಇಳಿಯುವುದುಂಟು.

ಪುರಸಭೆಯವರಿಗೂ ಒಂದು ಮಾತು. ಹೀರುವ ಯಂತ್ರದ ಲಾರಿ ಇದ್ದರೆ ಸಾಲದು, ಬಡವನಿಗೆ ಎಟಕುವ ದರದಲ್ಲಿ ಕರೆದಾಗ ಬರಬೇಕು. ಹೀರಿದ್ದನ್ನು ರಾತ್ರಿ ಕೆರೆಯ ಅಂಗಳಕ್ಕೆ ಸುರಿದು ಬರುವುದಾದರೆ ಹೀರಿಸಿಯೂ ಫಲವಿಲ್ಲ. ದೇವನಹಳ್ಳಿಯಂಥ ಸಣ್ಣ ಊರಿನಲ್ಲಿ 2015ರಲ್ಲಿಯೇ ಈ ಹೂಳನ್ನು ಸಂಸ್ಕರಿಸಿ ಗೊಬ್ಬರ ಮಾಡುವ ಘಟಕ ನಿಂತಿತು. ಅಲ್ಲಿ ಆದುದು ಜಿಲ್ಲಾ ಕೇಂದ್ರಗಳಲ್ಲಿ ಏಕೆ ಆಗದು? ವಾರ್ಡುವಾರು ಮನೆಗಳ ಪಟ್ಟಿ ಮಾಡಿ, ಮೂರು ವರ್ಷಕ್ಕೊಮ್ಮೆ ಸರದಿಯಂತೆ ಲಾರಿ ಬರುವ ಏರ್ಪಾಡು ಆಗಬೇಕು. ಮುಂದಿನ ಆಯವ್ಯಯದಲ್ಲಿ ಇದಕ್ಕೆ ಹಣ ತೆಗೆದಿಡುವಂತೆ ಸದಸ್ಯರನ್ನು ಈಗಲೇ ಒತ್ತಾಯಿಸಬೇಕು.

ಅಷ್ಟರೊಳಗೆ ಓದುಗರು ಮಾಡಬಹುದಾದ ಕೆಲಸ: ಪಾಯಖಾನೆಯ ಹೊರಗೋಡೆಯ ಮೇಲೆ, ಟ್ಯಾಂಕು ಬರಿದು ಮಾಡಿಸಿದ ತಾರೀಖನ್ನು ಬಣ್ಣದಲ್ಲಿ ಬರೆಯಿರಿ. ತಾರೀಖು ಗೊತ್ತಿಲ್ಲದವರು ಮಳೆಗಾಲ ಹಿಡಿಯುವ ಮೊದಲೇ ಲಾರಿಗೆ ಹೇಳಿಕಳಿಸಿ.