ಬಾಣಂತಿಗೆ ಬಟ್ಟೆ ಬಿಗಿದರೆ ಸಾಕೆ?

ಚೊಚ್ಚಲ ಹೆರಿಗೆಗೆಂದು ಧಾರವಾಡಕ್ಕೋ ಮಂಗಳೂರಿಗೋ ಹೋದ ನಮ್ಮ ಹೆಣ್ಣುಮಕ್ಕಳು ಬಾಣಂತನ ಮುಗಿಸಿ ಮುಂಬಯಿಗೆ ಮರಳುತ್ತಾರೆ. ಹೆರಿಗೆ ಮಾಡಿಸಿದ ವೈದ್ಯರು ಅಲ್ಲೇ ಉಳಿದರು; ಇಲ್ಲಿಯ ವೈದ್ಯರಿಗೆ ತೋರಿಸುವುದು ಮಗುವನ್ನು ಮಾತ್ರ. ತಾಯಿಯ ಹೊಟ್ಟೆ ಮುಟ್ಟಿ ನೋಡುವವರು ಯಾರು? ಹೊಟ್ಟೆ ತಗ್ಗದಿದ್ದರೆ "ಬಟ್ಟೆ ಸರಿಯಾಗಿ ಬಿಗಿಯಲಿಲ್ಲ" ಎಂಬ ತೀರ್ಪು, ನೆರೆಯವರಿಂದ "ಮತ್ತೆ ವಿಶೇಷವೇ?" ಎಂಬ ಕುಹಕ.

ಇದು ಬಟ್ಟೆಯ ದೋಷವೂ ಅಲ್ಲ, ಬಾಣಂತಿಯ ಸೋಮಾರಿತನವೂ ಅಲ್ಲ. ಹೊಟ್ಟೆಯ ಮುಂಭಾಗದ ಎರಡು ಸ್ನಾಯುಪಟ್ಟಿಗಳನ್ನು ಬೆಸೆದಿರುವ ಅಂಗಾಂಶ, ಗರ್ಭ ಬೆಳೆದಂತೆ ಹಿಗ್ಗಿ ಪಟ್ಟಿಗಳು ದೂರ ಸರಿಯುತ್ತವೆ. ವೈದ್ಯರ ಭಾಷೆಯಲ್ಲಿ ಡಯಾಸ್ಟಾಸಿಸ್ ರೆಕ್ಟೈ. ನಾರ್ವೆಯಲ್ಲಿ 300 ಚೊಚ್ಚಲ ಗರ್ಭಿಣಿಯರನ್ನು ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನದಂತೆ, ಹೆರಿಗೆಯಾದ ಆರು ವಾರಕ್ಕೆ ನೂರಕ್ಕೆ 60 ಮಂದಿಯಲ್ಲಿ ಈ ಅಂತರವಿತ್ತು. ವರ್ಷ ತುಂಬಿದಾಗಲೂ ಸುಮಾರು 33 ಮಂದಿಯಲ್ಲಿ ಉಳಿದಿತ್ತು. ಮೂವರಲ್ಲಿ ಒಬ್ಬರು!

ಪರೀಕ್ಷೆಗೆ ಯಂತ್ರ ಬೇಡ. ಅಂಗಾತ ಮಲಗಿ, ಮಂಡಿ ಮಡಿಸಿ, ತಲೆಯನ್ನು ತುಸು ಎತ್ತಿ, ಹೊಕ್ಕುಳ ಮೇಲೂ ಕೆಳಗೂ ಬೆರಳೂರಿ ನೋಡಿದರಾಯಿತು. ಎರಡು ಬೆರಳಗಲ ಅಥವಾ ಹೆಚ್ಚು ಅಂತರವಿದ್ದರೆ ಫಿಸಿಯೋಥೆರಪಿಸ್ಟರ ಬಳಿ ಹೋಗತಕ್ಕದ್ದು. ಉಸಿರಿನೊಡನೆ ಒಳಪದರದ ಸ್ನಾಯುವನ್ನು ಬಿಗಿಯುವ ವ್ಯಾಯಾಮವನ್ನು ಅವರು ಕಲಿಸುತ್ತಾರೆ. ಬಟ್ಟೆ ಆಸರೆ ಕೊಟ್ಟೀತು, ಸ್ನಾಯುವಿಗೆ ಬಲ ಕೊಡದು. ಶಸ್ತ್ರಚಿಕಿತ್ಸೆಯ ಮಾತು ಬರುವುದು ವ್ಯಾಯಾಮದಿಂದಲೂ ಗುಣ ಕಾಣದೆ ತೊಂದರೆ ತೀವ್ರವಾಗಿದ್ದರೆ ಮಾತ್ರ.

ಇಷ್ಟನ್ನು ಗರ್ಭಿಣಿಗೆ ಏಳನೆಯ ತಿಂಗಳಲ್ಲೇ ಹೇಳಬಾರದೇಕೆ? ಸೀಮಂತದ ಹಸಿರು ಬಳೆಗೆ, ಬಗೆಬಗೆಯ ಚಿತ್ರಾನ್ನಕ್ಕೆ ನಮಗೆ ಬಿಡುವಿದೆಯಷ್ಟೆ. ಸಂಘಗಳ ಮಹಿಳಾ ವಿಭಾಗದವರು ಅರಿಶಿನ ಕುಂಕುಮಕ್ಕೆ ಸಭಾಗೃಹ ಕಾದಿರಿಸುವಾಗ ಒಬ್ಬ ಫಿಸಿಯೋಥೆರಪಿಸ್ಟರನ್ನೂ ಕರೆಸಲಿ. ಅತ್ತೆಯರು ಮುಂದಿನ ಸಾಲಿನಲ್ಲೇ ಕೂರಲಿ.