ಸ್ವಯಂಸೇವಕರ ತಂತ್ರಾಂಶ: ದೋಷಕ್ಕಿಂತ ದೊಡ್ಡದು ಮಾತಿನ ಕೊರತೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ನಿಯಮಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ಹಳೆಯ ಗಣಕಯಂತ್ರಗಳನ್ನು ಎಸೆಯದೆ ಲಿನಕ್ಸ್‌ಗೆ ಬನ್ನಿ ಎಂದು ಕರೆಕೊಟ್ಟವರಲ್ಲಿ ಕೆಡಿಇ ಬಳಗವೂ ಒಂದು. ಲಿನಕ್ಸ್ ಬಳಸುವವರ ಕಣ್ಣೆದುರಿನ ಪರದೆ, ಮೆನು, ಕಡತಗಳ ವ್ಯವಸ್ಥೆಯನ್ನು ರೂಪಿಸುವ ಈ ಯೋಜನೆ 1996ರಲ್ಲಿ ಜರ್ಮನಿಯಲ್ಲಿ ಆರಂಭವಾಯಿತು. ಇಂದಿಗೂ ಬಹುಮಟ್ಟಿಗೆ ಸ್ವಯಂಸೇವಕರ ದುಡಿಮೆಯಿಂದಲೇ ನಡೆಯುತ್ತಿದೆ. ಆಹ್ವಾನವೇನೋ ಸರಿ, ಬಂದ ಅತಿಥಿಗೆ ಆತಿಥೇಯರ ಮಾತು ಅರ್ಥವಾಗುವುದೇ ಎಂಬುದು ಪ್ರಶ್ನೆ.

ಇದೇ ಪ್ರಶ್ನೆಯಲ್ಲಿ ಕೆಡಿಇ ಒಮ್ಮೆ ಎಡವಿದೆ. 2008ರ ಜನವರಿ 11ರಂದು ಅದರ 4.0 ಆವೃತ್ತಿ ಬಿಡುಗಡೆಯಾಯಿತು. ತಳಪಾಯ ಸಿದ್ಧವಾಗಿದೆ, ಇದರ ಮೇಲೆ ಕಟ್ಟಬಹುದು ಎಂಬುದಷ್ಟೇ ತಂತ್ರಜ್ಞರ ಇಂಗಿತವಾಗಿತ್ತು. ಹಿಂದಿನ 3.5ರಲ್ಲಿದ್ದ ಹಲವು ಸೌಲಭ್ಯಗಳು ಇದರಲ್ಲಿ ಇನ್ನೂ ಇರಲಿಲ್ಲ. ಬಳಕೆದಾರರಿಗಾದರೋ, ‘ಬೀಟಾ’ ಎಂಬ ಹಣೆಪಟ್ಟಿ ಕಳಚಿದ ಸಂಖ್ಯೆಯೆಂದರೆ ಪೂರ್ಣಗೊಂಡ ವಸ್ತು. ಇದು ಕೆಡಿಇ 4ರ ಪರಿಪೂರ್ಣ ರೂಪವಲ್ಲ ಎಂದು ತಂತ್ರಜ್ಞರು ಹೇಳಿದ್ದುಂಟು. ಹೇಳಿದ್ದು ಮಾತ್ರ ತಮ್ಮವರೇ ಓದುವ ಕಡೆ. ಅದೇ ಮೇ ತಿಂಗಳಲ್ಲಿ ಫೆಡೋರಾ 9 ಈ ಸರಣಿಯನ್ನೇ ಜನರ ಮುಂದಿಟ್ಟಿತು. ಅಸಮಾಧಾನ ಭುಗಿಲೆದ್ದಿತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರೇ ಬೇಸತ್ತು ಪ್ರತಿಸ್ಪರ್ಧಿ ಗ್ನೋಮ್‌ಗೆ ಬದಲಾಯಿಸಿಕೊಂಡುದಾಗಿ 2009ರಲ್ಲಿ ಬಹಿರಂಗವಾಗಿ ತಿಳಿಸಿದರು.

ಪರಿಸ್ಥಿತಿ ಸುಧಾರಿಸಿಲ್ಲವೆಂದಲ್ಲ. 2018ರಿಂದ ನೇಟ್ ಗ್ರಹಾಂ ಅವರು ಆರಂಭಿಸಿದ ವಾರದ ವರದಿಗಳು, ಯಾವ ದೋಷ ಪರಿಹಾರವಾಯಿತು, ಯಾವ ಆವೃತ್ತಿಯಲ್ಲಿ ಅದು ಕೈಸೇರುತ್ತದೆ ಎಂಬುದನ್ನು ಸಾಮಾನ್ಯರಿಗೂ ತಿಳಿಯುವಂತೆ ಹೇಳತೊಡಗಿದವು. ಸಂಕೇತ ಬರೆಯುವಷ್ಟೇ ಮುಖ್ಯವಾದ ಕೆಲಸವಿದು.

ತೊಡಕು ಉಳಿದಿರುವುದು ಎದುರು ದಿಕ್ಕಿನ ಮಾತಿನಲ್ಲಿ. ‘ಕೆಲಸ ಮಾಡುತ್ತಿಲ್ಲ’ ಎಂಬ ಒಂದು ಸಾಲಿನ ದೂರು, ಸಂಜೆಯ ಬಿಡುವಿನಲ್ಲಿ ಕುಳಿತ ಸ್ವಯಂಸೇವಕನಿಗೆ ಏನನ್ನೂ ಹೇಳದು. ಯಾವ ಆವೃತ್ತಿ, ಏನು ಮಾಡಿದಾಗ ಹೀಗಾಯಿತು, ಏನಾಗಬೇಕಿತ್ತು ಎಂಬ ವಿವರ ಬೇಕು, ಅದೂ ಇಂಗ್ಲಿಷಿನಲ್ಲಿ. ಕನ್ನಡಿಗರ ಪಾಡು ಇಲ್ಲಿ ವಿಶೇಷ. ಒತ್ತಕ್ಷರವೊಂದು ಪರದೆಯ ಮೇಲೆ ಸ್ಥಾನಪಲ್ಲಟಗೊಂಡಿದೆಯೆಂದು ತಿಳಿಯೋಣ. ಕನ್ನಡ ಓದಲು ಬಾರದ ಬರ್ಲಿನ್ನಿನ ತಂತ್ರಜ್ಞನಿಗೆ ತಪ್ಪು ರೂಪವೂ ಸರಿ ರೂಪವೂ ಒಂದೇ. ಎರಡರ ಚಿತ್ರವನ್ನೂ ಅಕ್ಕಪಕ್ಕದಲ್ಲಿಟ್ಟು, ಒತ್ತಿದ ಕೀಲಿಗಳನ್ನು ಕ್ರಮವಾಗಿ ಬರೆದು ಕಳುಹಿಸಿದರೆ ಮಾತ್ರ ದೋಷ ಅವನ ಕಣ್ಣಿಗೆ ಬೀಳುತ್ತದೆ. ಹೀಗೆ ಮಾಡಬೇಕೆಂದು ಹೊಸ ಬಳಕೆದಾರನಿಗೆ ಅವನ ಭಾಷೆಯಲ್ಲಿ ಹೇಳುವವರು ಯಾರು?

ವಿಳಂಬಕ್ಕೂ ಅಲ್ಲಿ ಬೆಲೆಯಿದೆ. ಹೆಚ್ಚಿನ ವಿವರ ಕೇಳಿ ಗುರುತು ಹಾಕಿದ ದೂರಿಗೆ ಉತ್ತರ ಬಾರದಿದ್ದರೆ ಕೆಡಿಇಯ ಸ್ವಯಂಚಾಲಿತ ವ್ಯವಸ್ಥೆ 15 ದಿನಗಳ ಬಳಿಕ ನೆನಪೋಲೆ ಕಳುಹಿಸುತ್ತದೆ. 30 ದಿನ ಕಳೆದರೆ ಕಡತವನ್ನೇ ಮುಚ್ಚುತ್ತದೆ. ಪ್ರಶ್ನೆ ಅರ್ಥವಾಗದೆ ಸುಮ್ಮನಾದವನ ದೂರು, ದೋಷ ಹಾಗೆಯೇ ಉಳಿದಿದ್ದರೂ, ಮುಗಿದ ಪ್ರಕರಣಗಳ ಪಟ್ಟಿಗೆ ಸೇರುತ್ತದೆ.